ಮುಖ ನೋಡದೆ ಬೆಳೆದ ಮರಿ

೧೯೯೦ರ ಜನವರಿ ೧೮, ಗುರುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಬ್ಯಾಡಗಿ ಪೇಟೆಯಲ್ಲಿ ಅಂದು ಮಾರಾಟದ ದಿನ. ಐರಣಿ ಕಡೆಯಿಂದ ಬಂದ ಟೆಂಪೋದಿಂದ ನಮ್ಮ ಅಂಗಡಿಯ ಮುಂದೆ ಮೆಣಸಿನಕಾಯಿ ಚೀಲಗಳು ಇಳಿಯುತ್ತಿದ್ದವು. ನಾನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಹದಿನಾಲ್ಕನೆಯ ಚೀಲಕ್ಕೆ ಕೊಕ್ಕೆ ಹಾಕಲು ಹೋದ ಹಮಾಲ ಕಾಕಾ ಕೈ ಹಿಂದಕ್ಕೆಳೆದುಕೊಂಡ. ಎರಡು ಚೀಲಗಳ ಸಂದಿಯಲ್ಲಿ ಕಂದು ಬಣ್ಣದ ಒಂದು ನಾಯಿಮರಿ ಮುದುಡಿ ಮಲಗಿತ್ತು.

“ಹದಿನಾಲ್ಕು ಅಂತ ಬರ್ಕೋಬ್ಯಾಡೋ ತಮ್ಮಾ, ಇದು ಬ್ಯಾರೆ ಮಾಲು,” ಎಂದ ಕಾಕಾ.

ಚೀಲದ ರೈತ ಬಗ್ಗಿ ನೋಡಿ ಕೈ ಆಡಿಸಿದ. “ನಮ್ಮದಲ್ರಿ ಅದು. ರಾತ್ರಿ ಹೊಳಿ ದಂಡಿಮ್ಯಾಲೆ ಗಾಡಿ ನಿಂತಿತ್ತು. ಥಂಡಿಗೆ ಒಳಗ ಹೊಕ್ಕಿರಬೇಕು. ತೂಕದಾಗ ಹಿಡೀಬ್ಯಾಡ್ರಿ ಮತ್ತ.”

ಎಲ್ಲರೂ ನಕ್ಕರು. ಮರಿ ಎದ್ದು ನಿಂತು ಎರಡು ಸಲ ಸೀನಿತು. ಆ ನಗು, ಆ ಸೀನು ಎರಡೂ ಅಂದಿನ ದಿನಚರಿಯಲ್ಲಿವೆ. ನಗು ಬರೆದುಕೊಂಡ ಪುಟಗಳು ಅಲ್ಲಿಂದ ಮುಂದೆ ಬಹಳವಿಲ್ಲ.

ನನಗೆ ಆಗ ಇಪ್ಪತ್ತು ವರ್ಷ. ಹಾವೇರಿಯಲ್ಲಿ ಪಿಯುಸಿ ಮುಗಿಸಿ ಅಬ್ಬಾನ ದಲಾಲಿ ಅಂಗಡಿಯಲ್ಲಿ ಕೂತಿದ್ದೆ. ರೈತರು ತಂದ ಮೆಣಸಿನಕಾಯಿಯನ್ನು ಇಳಿಸಿಕೊಂಡು, ತೂಗಿಸಿ, ಕೊಳ್ಳುವವರಿಗೆ ಮಾರಿಸಿಕೊಡುವುದು ನಮ್ಮ ಕೆಲಸ. ತೂಕ ಬರೆಯುವ ಕೆಲಸ ನನ್ನದು. ಬರೆಯುವ ಚಟ ಅದಕ್ಕೂ ಮೊದಲಿನದು. ಎಂಟನೆಯ ತರಗತಿಯಿಂದ ನಾನು ದಿನಚರಿ ಬಿಟ್ಟಿಲ್ಲ. ಮಳೆ ಬಂದ ದಿನ, ಕರೆಂಟು ಹೋದ ಗಂಟೆ, ಮನೆಗೆ ಬಂದುಹೋದವರು, ಎಲ್ಲಕ್ಕೂ ಒಂದೊಂದು ಗೀಟು.

ಮರಿಯನ್ನು ಮನೆಗೆ ಒಯ್ಯುವ ಮಾತೇ ಇರಲಿಲ್ಲ. ನಮ್ಮ ದಾದಿಗೆ, ಅಂದರೆ ಅಬ್ಬಾನ ತಾಯಿಗೆ, ನಾಯಿಯ ಮೇಲೆ ಸಿಟ್ಟೇನೂ ಇಲ್ಲ. ಆದರೆ ಅದರ ಜೊಲ್ಲು ಬಟ್ಟೆಗೆ ತಾಗಿದರೆ ನಮಾಜಿಗೆ ಮತ್ತೆ ಎಲ್ಲ ತೊಳೆದುಕೊಳ್ಳಬೇಕು. “ಘರ್ ಮೇ ನಕೋ, ಬೇಟಾ,” ಎಂದಳು. ಮನೆಯೊಳಗೆ ಬೇಡ ಎಂದವಳೇ ಅರ್ಧ ಗಂಟೆಯ ಮೇಲೆ ಒಂದು ಒಡಕು ಬಟ್ಟಲಲ್ಲಿ ಹಾಲು ತುಂಬಿ, “ಅಲ್ಲೇ ಕುಡಿಸಿ ಬಟ್ಟಲು ಅಲ್ಲೇ ಇಟ್ಟು ಬಾ,” ಎಂದು ಕಳಿಸಿದಳು.

ಅಬ್ಬಾ ಅಂಗಡಿಯಲ್ಲಿ ನನ್ನ ಜೊತೆಗೂ ಕನ್ನಡದಲ್ಲೇ ಮಾತಾಡುತ್ತಿದ್ದರು, ನಾಲ್ಕು ಜನ ಕೇಳಲಿ ಎಂದು. ಅಂದೂ ಹಾಗೇ ಹೇಳಿದರು. “ಗೋದಾಮಿನ್ಯಾಗ ಇರಲಿ. ರಾತ್ರಿ ಕಾವಲಿಗೆ ಆದೀತು. ಆದ್ರ ಈದ್ ತನಕ ನೋಡತೇನಿ. ಮಂದಿಗೆ ಹೊಂದ್ಕೊಂಡ್ರ ಇರತೈತಿ. ಒಬ್ಬ ರೈತಗ ಬಾಯಿ ಹಾಕಿತಂದ್ರ ಹೊಳಿ ದಾಟಿಸಿ ಬಿಟ್ಟು ಬರೋದು ನಿನ್ನ ಕೆಲಸ.”

ಹೊಳೆ ದಾಟಿಸುವುದು ನಮ್ಮ ಕಡೆಯ ರೂಢಿ. ಬೇಡದ ನಾಯಿಯನ್ನು ಯಾರೂ ಕೊಲ್ಲುವುದಿಲ್ಲ. ತುಂಗಭದ್ರೆಯ ಆಚೆ ದಂಡೆಯಲ್ಲಿ ಇಳಿಸಿ ಹಿಂದೆ ನೋಡದೆ ಬರುತ್ತಾರೆ. ನೀರು ದಾಟಿದ ನಾಯಿಗೆ ಮನೆಯ ದಾರಿ ಸಿಗುವುದಿಲ್ಲವಂತೆ. ಆಮೇಲೆ ಅದೇನಾಯಿತು ಎಂದು ಯಾರೂ ಕೇಳುವುದಿಲ್ಲ. ಆ ವರ್ಷ ಈದ್ ಏಪ್ರಿಲ್ ಕೊನೆಗೆ ಬರಲಿತ್ತು. ನನಗೆ ಮೂರು ತಿಂಗಳು ಸಿಕ್ಕಿತು.

ಮರಿ ಸಾಕುವುದು ನನಗೇನೂ ಗೊತ್ತಿರಲಿಲ್ಲ. ಅಂಗಡಿಗೆ ಬರುತ್ತಿದ್ದ ಗುತ್ತಲದ ರೈತರೊಬ್ಬರ ಹೊಲದಲ್ಲಿ ನಾಯಿಗಳಿದ್ದವು. ಅವರನ್ನು ಕೇಳಿದೆ. “ಮೂರು ತಿಂಗಳ ಒಳಗ ಎಷ್ಟು ಕೈ ಮುಟ್ಟತಾವೋ ಅಷ್ಟು ಚಲೋ. ಆಮ್ಯಾಲೆ ಅದು ಯಾರಿಗೂ ಅಂಜೂದಿಲ್ಲ, ಯಾರನ್ನೂ ಕಚ್ಚೂದಿಲ್ಲ,” ಎಂದರು. ಇದು ನನಗೆ ಹೇಳಿ ಮಾಡಿಸಿದ ಕೆಲಸ ಅನಿಸಿತು. ದಿನಕ್ಕೆ ಒಬ್ಬರಾದರೂ ಹೊಸಬರು ಮರಿಯನ್ನು ಎತ್ತಬೇಕು, ತಲೆ ಸವರಬೇಕು, ಕೈಯಿಂದ ರೊಟ್ಟಿ ಚೂರು ತಿನಿಸಬೇಕು. ರಾತ್ರಿ ಆ ಲೆಕ್ಕಕ್ಕೆ ಒಂದು ಗೀಟು.

ಗೋದಾಮಿಗೆ ಜನಕ್ಕೇನು ಬರ? ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಡಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮಲ್ಲಿ ಕಾಯಿ ಆರಿಸುವ ಹೆಂಗಸರೇ ಹನ್ನೆರಡು ಜನ. ಬಿಳಿಚಿದ ಕಾಯಿ, ಮುರುಕಲು ಕಾಯಿ ಬೇರೆ ಮಾಡುತ್ತ ಕೆಂಪು ರಾಶಿಯ ಸುತ್ತ ಕೂತಿರುತ್ತಿದ್ದರು. ಅವರಲ್ಲಿ ಹಿರಿಯಳನ್ನು ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದೆವು. ಮರಿ ಮೊದಲು ಹಚ್ಚಿಕೊಂಡದ್ದು ಅವಳನ್ನೇ. ಅವಳ ಮಡಿಲಲ್ಲಿ ಬೋರಲಾಗಿ ಮಲಗಿ ಸೀರೆಯ ನಿರಿಗೆ ಕಡಿಯುತ್ತಿತ್ತು.

“ನನ್ನ ಮಕ್ಕಳೂ ಇಷ್ಟು ಹೊತ್ತು ತೊಡಿಮ್ಯಾಲೆ ಕುಂತಿಲ್ಲೋ ಯಪ್ಪಾ,” ಎನ್ನುತ್ತಿದ್ದಳು. “ಇದಕ್ಕೊಂದು ಕೂಲಿ ಕೊಡಸು ನಿಮ್ಮಪ್ಪಗ ಹೇಳಿ. ನನ್ನ ಕಾಲು ಜೋಮು ಹಿಡದು ಅರ್ಧ ಕೆಲಸ ನಿಂತೈತಿ.”

ಹಮಾಲ ಕಾಕಾ ರಾತ್ರಿ ಗೋದಾಮಿನಲ್ಲೇ ಮಲಗುತ್ತಿದ್ದ. ಮರಿ ಅವನ ಕಂಬಳಿಯ ತುದಿಯಲ್ಲಿ ಮಲಗುತ್ತಿತ್ತು. ಹಗಲು ತಕ್ಕಡಿಯ ಖಾಲಿ ತಟ್ಟೆಯೇ ಅದರ ಮಂಚ. ತೂಗುವ ಹೊತ್ತಾದರೆ ಎತ್ತಿ ಕೆಳಗಿಡಬೇಕು. ಇಟ್ಟ ಮೇಲೆ ಮುನಿಸಿಕೊಂಡು ಗೋಡೆ ಕಡೆ ತಿರುಗಿ ಕೂರುತ್ತಿತ್ತು. ಅದಕ್ಕೆ ಹೆಸರು ಹತ್ತಲಿಲ್ಲ. ಎಲ್ಲರೂ ಮರಿ ಅಂದರು. ನಾಲಿಗೆಯಿಂದ ಎರಡು ಸಲ ಲೊಚ್‌ಗುಟ್ಟಿದರೆ ಎಲ್ಲಿದ್ದರೂ ಬಿದ್ದೆದ್ದು ಓಡಿ ಬರುತ್ತಿತ್ತು. ಹೆಂಗಸರು, ಹಮಾಲರು, ಚೀಲ ಹೊಲಿಯುವವರು, ಬಂದುಹೋಗುವ ರೈತರು, ಯಾರು ಲೊಚ್‌ಗುಟ್ಟಿದರೂ ಸೈ. ಮಾರ್ಚ್ ಮುಗಿಯುವ ಹೊತ್ತಿಗೆ ನನ್ನ ಗೀಟುಗಳು ಎಪ್ಪತ್ತೊಂದಾದವು. ಎಪ್ಪತ್ತೊಂದು ಜನ ಅದನ್ನು ಎತ್ತಿದ್ದರು. ಯಾರಿಗೂ ಅದು ಗುರ್ ಅಂದಿರಲಿಲ್ಲ. ಅಬ್ಬಾನ ಷರತ್ತು ಗೆದ್ದೆ ಎಂದೇ ನಾನು ತಿಳಿದಿದ್ದೆ.

ಏಪ್ರಿಲ್ ೩, ಮಂಗಳವಾರ, ಹುಚ್ಚುನಾಯಿ ರೋಗದ ಇಂಜೆಕ್ಷನ್ ಹಾಕಿಸಲು ಮರಿಯನ್ನು ರಾಣೆಬೆನ್ನೂರಿನ ದನದ ದವಾಖಾನೆಗೆ ಒಯ್ದೆ. ರಮಜಾನ್ ನಡೆದಿತ್ತು, ನನಗೆ ಉಪವಾಸ. ಗೋದಾಮಿನಲ್ಲಿ ಅದನ್ನು ಕೈಚೀಲದಲ್ಲಿ ಕೂರಿಸಿಕೊಂಡು, ಸ್ಟೇಷನ್ನಿಗೆ ನಡೆದು ಪ್ಯಾಸೆಂಜರ್ ಗಾಡಿ ಹತ್ತಿದೆ. ಗಾಡಿ ಹೊರಟ ಮೇಲೆ ಉಸಿರಾಡಲೆಂದು ಚೀಲದ ಬಾಯಿ ಬಿಚ್ಚಿದೆ. ಮರಿ ತಲೆ ಹೊರಗೆ ಹಾಕಿ ನನ್ನನ್ನು ನೋಡಿತು. ನೋಡಿದ್ದೇ ಕಿರುಚಿತು. ಬಾಲ ಮೆಟ್ಟಿದಾಗ ಮಾಡುವ ಸದ್ದಲ್ಲ ಅದು. ಬೇರೆಯೇ ಸದ್ದು. ಚೀಲದ ತಳಕ್ಕೆ ಇಳಿದು ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಎದುರಿಗೆ ಕೂತ ಮುದುಕರು ಪಾಪ ಎಂದು ಬಗ್ಗಿದರು. ಅವರ ಮುಖ ಕಂಡು ಇನ್ನಷ್ಟು ಕಿರುಚಿತು.

ರೈಲಿಗೆ ಹೆದರಿದೆ ಎಂದು ಅಂದುಕೊಂಡೆ. ದಿನಚರಿಯಲ್ಲಿ ಬರೆದದ್ದೂ ಅದನ್ನೇ.

ದವಾಖಾನೆಯಲ್ಲಿ ಇನ್ನೂ ಕೆಟ್ಟದಾಯಿತು. ಚೀಲದಿಂದ ತೆಗೆಯಲು ಹೋದ ಕಂಪೌಂಡರನ ಹೆಬ್ಬೆರಳಿಗೆ ಬಾಯಿ ಹಾಕಿತು. ಡಾಕ್ಟರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇದನ್ನೇನು ಕತ್ತಲಿ ಕೋಣ್ಯಾಗ ಕಟ್ಟಿ ಸಾಕೀರೇನು? ಮನಷ್ಯಾರನ್ನ ನೋಡೇ ಇಲ್ಲ ಇದು.”

“ಇಲ್ರಿ ಸಾಹೇಬ್ರ, ಎಪ್ಪತ್ತೊಂದು ಮಂದಿ ಮುಟ್ಟ್ಯಾರ್ರಿ.”

“ಎಪ್ಪತ್ತೊಂದು ಅಂತ ಯಾರು ಎಣಿಸ್ಯಾರ?”

“ನಾನರಿ.”

ಕಂಪೌಂಡರ ತನ್ನ ಬೆರಳಿಗೆ ಅಯೋಡಿನ್ ಹಚ್ಚಿಕೊಳ್ಳುತ್ತ, “ನನ್ನನ್ನ ಎಪ್ಪತ್ತೆರಡು ಅಂತ ಬರ್ಕೋ,” ಎಂದ.

ಇಂಜೆಕ್ಷನ್ ಮುಗಿಯಿತು. ಮಧ್ಯಾಹ್ನದ ಗಾಡಿಗೆ ಹಿಂದಿರುಗಿದೆ. ಚೀಲದೊಳಗೆ ಅದು ನಡುಗುವುದು ನನ್ನ ತೊಡೆಗೆ ಗೊತ್ತಾಗುತ್ತಿತ್ತು. ನಾನು ಮಾತಾಡಿಸಿದಷ್ಟೂ ನಡುಕ ಹೆಚ್ಚುತ್ತಿತ್ತು. ಅಬ್ಬಾಗೆ ಹೇಗೆ ಹೇಳಲಿ ಎಂಬುದೊಂದೇ ಯೋಚನೆ ನನಗೆ. ಹೊಳೆಯ ಆಚೆ ದಂಡೆ ಕಣ್ಣ ಮುಂದೆ ಬಂತು.

ಗೋದಾಮಿನ ಬಾಗಿಲು ತೆಗೆದು ಚೀಲ ನೆಲಕ್ಕಿಟ್ಟೆ. ಮರಿ ಹಾರಿ ಹೊರಬಿದ್ದು ಒಂದೇ ಓಟಕ್ಕೆ ದೊಡ್ಡವ್ವನ ಮಡಿಲು ಸೇರಿತು. ಅವಳು ರಾಶಿಯ ಪಕ್ಕ ಎಂದಿನಂತೆ ಮೂಗು ಬಾಯಿಗೆ ಸೆರಗು ಬಿಗಿದು ಕೂತಿದ್ದಳು. ಮರಿ ಅವಳ ಕೈ ನೆಕ್ಕಿತು, ಬಾಲ ಆಡಿಸಿತು, ಬೆಳಗಿನಿಂದ ಅದಕ್ಕೇನೂ ಆಗಿಯೇ ಇಲ್ಲ ಎಂಬಂತೆ. ಅಷ್ಟರಲ್ಲಿ ಚಹಾ ಬಂತು. ಹೆಂಗಸರು ಚಹಾಕ್ಕೆ ಹೊರಕಟ್ಟೆಗೆ ಹೋಗುತ್ತಿದ್ದರು. ಅಂದು ಮರಿ ಮಡಿಲಲ್ಲಿದೆ ಎಂದು ದೊಡ್ಡವ್ವ ಏಳಲಿಲ್ಲ. ಕೂತಲ್ಲೇ ಸೆರಗು ಕೆಳಗೆಳೆದು ಬಟ್ಟಲು ತುಟಿಗೆ ಹಚ್ಚಿದಳು.

ಮರಿ ತಲೆಯೆತ್ತಿತು. ಅವಳ ಬಾಯಿ ನೋಡಿತು. ಬೆನ್ನ ಮೇಲಿನ ಕೂದಲು ನಿಮಿರಿತು. ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಮಡಿಲಿಂದ ಇಳಿದು ಗುರ್ ಎಂದಿತು.

“ಏ, ನಾನೋ ಹುಚ್ಚಾ!” ಎಂದಳು ದೊಡ್ಡವ್ವ. ನಗುತ್ತ ಸೆರಗು ಮೇಲೆಳೆದುಕೊಂಡಳು. ಮರಿ ಮತ್ತೆ ಬಂದು ಮಡಿಲಲ್ಲಿ ಕೂತಿತು.

ನಾನು ಬಾಗಿಲಲ್ಲೇ ನಿಂತಿದ್ದೆ. ಗೋದಾಮಿನಲ್ಲಿ ಒಂದೊಂದೇ ಮುಖ ನೋಡುತ್ತ ಹೋದೆ. ಹನ್ನೆರಡೂ ಹೆಂಗಸರ ಮೂಗಿನ ಮೇಲೆ ಸೆರಗು. ಕಾಕಾನ ಮುಖಕ್ಕೆ ವಸ್ತ್ರ. ಚೀಲ ಹೊಲಿಯುವವನಿಗೆ ವಸ್ತ್ರ. ಕಾಯಿ ನೋಡಲು ಬಂದ ರೈತರು ಒಳಗೆ ಕಾಲಿಡುವ ಮೊದಲು ಹೆಗಲ ಟವೆಲ್ಲನ್ನು ಮೂಗಿಗೆ ಸುತ್ತಿಕೊಳ್ಳುತ್ತಿದ್ದರು. ಬ್ಯಾಡಗಿಯವರಿಗೆ ಇದು ಉಸಿರಾಡಿದಷ್ಟು ಸಹಜ. ಘಾಟು ಏಳುವ ಜಾಗದಲ್ಲಿ ಯಾರು ತಾನೇ ಬರಿಮುಖದಲ್ಲಿ ನಿಲ್ಲುತ್ತಾರೆ? ನಾವು ಒಬ್ಬರನ್ನೊಬ್ಬರು ನಡಿಗೆಯಿಂದ, ದನಿಯಿಂದ, ಕಣ್ಣಿನಿಂದ ಗುರುತು ಹಿಡಿಯುತ್ತೇವೆ. ಮುಖ ಮುಚ್ಚಿದೆ ಎಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ. ಕಾಕಾ ರಾತ್ರಿ ಮಲಗುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ.

ನಾನಂತೂ ಎಲ್ಲರಿಗಿಂತ ಹೆಚ್ಚು. ಚಿಕ್ಕಂದಿನಿಂದ ಸೀನಿನ ಕಾಟ ನನಗೆ. ಗೋದಾಮಿನ ಹೊಸ್ತಿಲಲ್ಲಿ ಚೌಕಳಿ ಟವೆಲ್ ಕಟ್ಟಿದರೆ ಹೊರಬಂದ ಮೇಲೆಯೇ ಬಿಚ್ಚುವುದು. ಆ ಹತ್ತು ವಾರಗಳಲ್ಲಿ ಒಮ್ಮೆಯೂ ಮರಿಗೆ ನನ್ನ ಮೂಗು, ಬಾಯಿ ಕಂಡಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಕಂಡದ್ದು ನೆನಪಿಲ್ಲ. ರೈಲಿನಲ್ಲಿ ಅದು ಕಿರುಚಿದ್ದು ರೈಲಿಗಲ್ಲ. ನನಗೆ.

ನಾಯಿಗೆ ಮೂಗಿಲ್ಲವೇ, ವಾಸನೆಯಿಂದ ಗೊತ್ತಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿಕೊಂಡಿದ್ದೇನೆ. ಸುಗ್ಗಿಯ ಗೋದಾಮಿನಲ್ಲಿ ನಮ್ಮೆಲ್ಲರಿಗೂ ಒಂದೇ ವಾಸನೆ, ಕಾಯಿಯ ವಾಸನೆ. ಆ ಧೂಳಿನಲ್ಲಿ ಎಳೆಯ ಮೂಗು ಕೆಟ್ಟೇ ಹೋಗಿತ್ತೋ ಏನೋ. ನನಗೆ ತಿಳಿಯದು. ತಿಳಿದದ್ದು ಇಷ್ಟೇ: ನನ್ನ ಎಪ್ಪತ್ತೊಂದು ಗೀಟುಗಳು ಎಪ್ಪತ್ತೊಂದು ಜನರಲ್ಲ. ಮರಿ ಕಂಡದ್ದು ಕಣ್ಣುಳ್ಳ ಒಂದು ವಸ್ತ್ರವನ್ನು. ಅದನ್ನು ಮತ್ತೆ ಮತ್ತೆ ಕಂಡು, ಲೋಕದಲ್ಲಿರುವುದು ಇದೇ ಎಂದು ನಂಬಿತ್ತು.

ಈದಿಗೆ ಉಳಿದದ್ದು ಮೂರು ವಾರದ ಮೇಲೆ ಎರಡು ಮೂರು ದಿನ. ನನಗೆ ಅವಸರ ಹತ್ತಿತು. ಸುಗ್ಗಿ ಇಳಿಯುತ್ತಿತ್ತು. ಘಾಟು ಇಳಿದಂತೆ ಮುಖಗಳು ಒಂದೊಂದಾಗಿ ತೆರೆಯುತ್ತಿದ್ದವು. ಬೇರೆ ವರ್ಷಗಳಲ್ಲಿ ಆ ದಿನಗಳು ನನಗೆ ಇಷ್ಟ. ಆ ವರ್ಷ ಒಂದೊಂದು ವಸ್ತ್ರ ಬಿಚ್ಚಿದಾಗಲೂ ಮರಿಯ ಬಳಗದಲ್ಲಿ ಒಬ್ಬರು ಸತ್ತಂತಾಗುತ್ತಿತ್ತು. ಅದು ಮೂಲೆ ಹಿಡಿಯಿತು. ತಕ್ಕಡಿಯ ತಟ್ಟೆಗೂ ಬರುವುದು ಬಿಟ್ಟಿತು. ಖಾಲಿ ಚೀಲಗಳ ಹಿಂದೆ ಕೂತು, ಯಾರು ಬರಿಮುಖದಲ್ಲಿ ಒಳಬಂದರೂ ಗುರುಗುಟ್ಟುತ್ತಿತ್ತು.

ನಾನು ಕ್ರಮ ಬದಲಿಸಿದೆ. ಟವೆಲ್ ಕಟ್ಟಿಕೊಂಡೇ ಎದುರಿಗೆ ಕೂತು, ದಿನಕ್ಕೊಂದು ಬೆರಳಗಲ ಕೆಳಗಿಳಿಸುವುದು. ಮೊದಲ ದಿನ ಮೂಗಿನ ಮೇಲ್ಭಾಗ. ಎರಡು ದಿನ ಬಿಟ್ಟು ಮೂಗಿನ ತುದಿ. ಗುರ್ ಎಂದರೆ ಹಿಂದಿನ ದಿನದ ಗುರುತಿಗೇ ಮರಳುವುದು. ದೊಡ್ಡವ್ವ ಇದನ್ನು ನೋಡಿ ಹೊಟ್ಟೆ ಹಿಡಿದು ನಕ್ಕಳು.

“ಏನೋ ಇದು, ಹೊಸಾ ಮದುಮಗಳಂಗ ದಿನಾ ಒಂದೀಟ ಮಾರಿ ತೋರಸ್ತಿ? ಪೂರಾ ತೋರ್ಸಿದ್ರ ಓಡಿ ಹೋಗತೈತಿ ಅಂತ ಅಂಜಿಕಿ ಐತೇನು?”

“ಹೌದಬೇ ದೊಡ್ಡವ್ವಾ, ಅದ ಅಂಜಿಕಿ.”

ಅವಳು ನಗು ನಿಲ್ಲಿಸಿದಳು. ಮರುದಿನದಿಂದ ತಾನೂ ನನ್ನ ಹಾಗೆಯೇ ಸೆರಗು ಒಂದೊಂದು ಬೆರಳು ಇಳಿಸತೊಡಗಿದಳು. ಮೂಗಿನ ತನಕ ಮರಿ ಇಬ್ಬರನ್ನೂ ಸಹಿಸುತ್ತಿತ್ತು. ತುಟಿ ಕಂಡ ಕ್ಷಣ ಎಲ್ಲ ಮುರಿದು ಬೀಳುತ್ತಿತ್ತು. ಹಲ್ಲು ಕಂಡರೆ ಇನ್ನೂ ಕಷ್ಟ. ಬಾಯಿ ಮುಚ್ಚಿಕೊಂಡು ನಗಬೇಕು ಎಂದು ಕಲಿತೆವು. ಆಮೇಲೆ ನಗುವುದನ್ನೇ ಬಿಟ್ಟೆವು.

ಆ ದಿನಗಳ ಪುಟಗಳಲ್ಲಿ ‘ಇಲ್ಲ’ ಎಂಬ ಒಂದೇ ಮಾತು ಸಾಲಾಗಿ ಇದೆ. ಉಪವಾಸದ ಸಂಜೆ, ಎಲ್ಲರೂ ಮಸೀದಿಯಲ್ಲಿ ಖರ್ಜೂರ ಹಿಡಿದು ಕೂತಿರುವಾಗ, ನಾನು ಗೋದಾಮಿನಲ್ಲಿ ರೊಟ್ಟಿಯ ಚೂರು ಹಿಡಿದು ಕೂತಿರುತ್ತಿದ್ದೆ. ನನ್ನ ಬಾಯಿ ಒಣಗಿರುತ್ತಿತ್ತು, ಅದರ ಬಾಯಲ್ಲಿ ನೀರೂರುತ್ತಿತ್ತು. ಇಬ್ಬರ ನಡುವೆ ಒಂದು ಮಾರು ನೆಲ. ಅದು ದಾಟಲಿಲ್ಲ. ಟವೆಲ್ ಮೇಲೆಳೆದರೆ ಒಂದೇ ನೆಗೆತಕ್ಕೆ ತೊಡೆಯ ಮೇಲೆ. ಅದಕ್ಕೆ ನನ್ನ ಮೇಲೆ ಎಷ್ಟು ಪ್ರೀತಿ ಇತ್ತೆಂದು ಆಗ ಗೊತ್ತಾಗುತ್ತಿತ್ತು. ಆ ಪ್ರೀತಿ ನನಗೆ ಸಲ್ಲುತ್ತಿರಲಿಲ್ಲ ಎಂಬುದೂ.

ಈದ್ ದಿನ ನಮಾಜು ಮುಗಿಸಿ ಅಬ್ಬಾ ಹೊಸ ಬಟ್ಟೆಯಲ್ಲಿ ನೇರ ಗೋದಾಮಿಗೆ ಬಂದರು. ನಾನು ಹಿಂದೆ ಓಡಿದೆ. ಮರಿ ಚೀಲಗಳ ಹಿಂದಿನಿಂದ ಹಲ್ಲು ಕಿರಿಯಿತು.

“ಆತಲ್ಲ. ನಾ ಹೇಳಿದ್ದು ಈದ್ ತನಕ,” ಎಂದರು.

“ಅಬ್ಬಾ, ಒಂದ ಸಲ ನೋಡ್ರಿ,” ಎಂದು ನಾನು ನೆಲಕ್ಕೆ ಕೂತೆ. ಟವೆಲ್ ಕಟ್ಟಲಿಲ್ಲ. ಮನೆಯಿಂದ ತಂದ ಹಬ್ಬದ ಶಾವಿಗೆ ಪಾಯಸ, ಶೀರ್‌ಕುರ್ಮಾದ ಬಟ್ಟಲಲ್ಲಿ ಎರಡು ಬೆರಳು ಅದ್ದಿ ಚಾಚಿದೆ. ಮುಖ ಪಕ್ಕಕ್ಕೆ ತಿರುಗಿಸಿ ತುಟಿ ಬಿಗಿಹಿಡಿದೆ. ಎಷ್ಟು ಹೊತ್ತೋ, ಅಂದು ಗಡಿಯಾರ ನೋಡಲಿಲ್ಲ. ಬೆರಳಿಗೆ ಬಿಸಿ ಉಸಿರು ತಾಗಿತು. ಆಮೇಲೆ ನಾಲಿಗೆ. ಎರಡು ಸಲ ನೆಕ್ಕಿ ಹಿಂದೆ ಓಡಿತು.

ಬರಿಮುಖದ ಲೆಕ್ಕದಲ್ಲಿ ಅದು ನನ್ನ ಮೊದಲ ಗೀಟು.

ಅಬ್ಬಾ ಬಾಗಿಲ ಕಡೆ ತಿರುಗಿದರು. “ಹಬ್ಬದ ದಿನ ಯಾರನ್ನೂ ಹೊರಗ ಹಾಕಬಾರದು. ಮಳಿ ಬೀಳೋತನಕ ಇರಲಿ,” ಎಂದು ಹೊರಟುಹೋದರು.

ಮಳೆಗೆ ಇನ್ನೊಂದು ತಿಂಗಳಿತ್ತು. ಮೇ ೨೦ರವರೆಗೆ ಆ ಲೆಕ್ಕಕ್ಕೆ ನಾಲ್ಕೇ ಗೀಟು ಸೇರಿದವು. ಮೂರು ನನ್ನವು, ಒಂದು ದೊಡ್ಡವ್ವನದು. ಅವಳು ಬಾಯಿ ತೆರೆದು, “ಬಾ ನನ ಕೂಸ,” ಎಂದು ಕರೆದಾಗ ಮರಿ ಕಿವಿ ಮಡಚಿಕೊಂಡು, ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿಕೊಂಡು ಬಂದು ಅವಳ ಹೆಬ್ಬೆರಳು ಮೂಸಿತ್ತು. ದೊಡ್ಡವ್ವ ಅತ್ತಳು. ಇನ್ನೊಂದು ಸ್ವಲ್ಪ ದಿನ, ಇನ್ನೊಂದು ಸ್ವಲ್ಪ ದಿನ ಎಂದು ನಾನು ಬರೆಯುತ್ತ ಹೋದೆ.

ಮೇ ೨೧, ಸೋಮವಾರ. ಸುಗ್ಗಿಯ ಕೊನೆಯ ಮಾಲು ದೊಡ್ಡ ಲಾರಿಗಳಿಗೆ ಹೇರುವ ದಿನ. ಊರ ಹೊರಗಿನಿಂದ ಬಂದ ಚಾಲಕರು, ಕ್ಲೀನರುಗಳು, ಬೇರೆ ಅಂಗಡಿಗಳ ಹಮಾಲರು ಎಲ್ಲ ಸೇರಿದ್ದರು. ಚೀಲ ಎತ್ತಿ ಒಗೆಯುವಾಗ ಧೂಳು ಮತ್ತೆ ಎದ್ದಿತು. ಎಲ್ಲರೂ ಮತ್ತೆ ವಸ್ತ್ರ ಕಟ್ಟಿಕೊಂಡರು. ಆರು ವಾರ ಮೂಲೆ ಹಿಡಿದಿದ್ದ ಮರಿ ಹೊರಗೆ ಬಂತು. ಹಳೆಯ ಬಳಗವೆಲ್ಲ ಹಿಂದಿರುಗಿದೆ ಎಂದು ತಿಳಿಯಿತೋ ಏನೋ. ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಓಡುತ್ತಿತ್ತು. ಬಾಲ ನಿಲ್ಲುತ್ತಿರಲಿಲ್ಲ. ಅದನ್ನು ಅಷ್ಟು ಸಂತೋಷದಲ್ಲಿ ನಾನು ಬಹಳ ದಿನಗಳ ಮೇಲೆ ನೋಡಿದ್ದೆ. ನೋಡಿ, ಒಳಗೆ ತೂಕ ಬರೆಯಲು ಹೋದೆ.

ಮಧ್ಯಾಹ್ನ ಎರಡೂವರೆಗೆ ಹೊರಬಂದು ಲೊಚ್‌ಗುಟ್ಟಿದೆ. ಬರಲಿಲ್ಲ. ಚೀಲಗಳ ಹಿಂದೆ ನೋಡಿದೆ, ಲಾರಿಗಳ ಕೆಳಗೆ ನೋಡಿದೆ. ಕಾಕಾ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದ.

“ಮರಿ ಎಲ್ಲಿ ಕಾಕಾ?”

“ಎಲ್ಲಿ ಅಂದ್ರ? ನೀನ ಕರಕೊಂಡು ಹೋದ್ಯಲ್ಲೊ.”

“ನಾನಾ? ನಾ ಒಳಗ ಇದ್ದೆ.”

ಅವನ ಕೈಯ ತುತ್ತು ಅಲ್ಲೇ ನಿಂತಿತು. “ಸ್ಟೇಷನ್ ಕಡೆ ಹಾದಿ ಹಿಡದು ನಡದಿದ್ದೆಲ್ಲೊ. ಮಾರಿಗೆ ಚೌಕಳಿ ವಸ್ತ್ರ ಇತ್ತು. ಲೊಚ್ ಲೊಚ್ ಅಂದಿ, ಅದು ಹಿಂದಿಂದ ಕುಣಕೋತ ಬಂತು. ನೀನ ಅಂತ ತಿಳ್ಕೊಂಡ್ನೆಪಾ. ಖರೇನ ನೀನ ಅಂತ.”

ನಡಿಗೆಯಿಂದ, ಕಣ್ಣಿನಿಂದ ಗುರುತು ಹಿಡಿಯುತ್ತೇವೆ ಎಂದುಕೊಳ್ಳುವ ನಾವು. ಹನ್ನೊಂದು ವರ್ಷದಿಂದ ನನ್ನನ್ನು ಬಲ್ಲ ಕಾಕಾ.

ಸ್ಟೇಷನ್ನಿಗೆ ಓಡಿದೆ. ಗಾಡಿ ಬಂದು ಹೋಗಿತ್ತು. ಆ ರಸ್ತೆಯಲ್ಲೇ ಲಾರಿಗಳೂ ಹೋಗುತ್ತವೆ. ಮರಿಯನ್ನು ಒಯ್ದವರು ಯಾವುದನ್ನು ಹತ್ತಿದರೋ, ಹತ್ತಲೇ ಇಲ್ಲವೋ ಹೇಳುವವರಿರಲಿಲ್ಲ. ಸಂಜೆ ಅಬ್ಬಾನ ಮುಂದೆ ನಿಂತೆ. ನಾನು ಏನು ಕೇಳಲು ಬಂದಿದ್ದೇನೆ ಎಂದು ಅವರಿಗೆ ಗೊತ್ತಾಯಿತು. ಮನೆಯ ಮಾತಿನಲ್ಲಿ, ಉರ್ದುವಿನಲ್ಲಿ, ನಿಧಾನ ಹೇಳಿದರು: ಮಳೆಯ ತನಕ ಎಂದಿದ್ದೆ, ಮಳೆ ಬಂದಿಲ್ಲ, ನಾನು ಯಾರನ್ನೂ ಕಳಿಸಿಲ್ಲ. ಅವರು ಸುಳ್ಳು ಹೇಳುವವರಲ್ಲ. ನಾನು ನಂಬಿದೆ. ನಂಬಿದ್ದರಿಂದ ನನಗೆ ಹುಡುಕಲು ಒಂದು ದಿಕ್ಕೂ ಉಳಿಯಲಿಲ್ಲ.

ಆದರೂ ಹುಡುಕಿದೆ. ರಾಣೆಬೆನ್ನೂರು, ಗುತ್ತಲ, ಐರಣಿಯ ಹೊಳೆ ದಂಡೆ, ಆಚೆಯ ದಂಡೆ ಕೂಡ. ಬರಿಮುಖದಲ್ಲಿ ಕರೆದರೆ ಅದು ಬರುವುದಿಲ್ಲ. ಆದ್ದರಿಂದ ಹೋದಲ್ಲೆಲ್ಲ ಟವೆಲ್ ಕಟ್ಟಿಕೊಂಡು ಲೊಚ್‌ಗುಟ್ಟುತ್ತ ಓಡಾಡಿದೆ. ಹಾವೇರಿ ಬಸ್ ನಿಲ್ದಾಣದ ಹಿಂದೆ ಬಾಳೆಹಣ್ಣಿನ ಗಾಡಿಯವನೊಬ್ಬ ತಡೆದ.

“ಏ, ಯಾರಲೇ ನೀ? ಮಾರಿ ಮುಚ್ಕೊಂಡು ನಾಯಿ ಕರಿಯಾಕತ್ತೀದಿ?”

“ನನ್ನ ನಾಯಿ ಹುಡಕಾಕತ್ತೇನ್ರಿ.”

“ಸ್ವಂತ ನಾಯಿ ಹುಡುಕೋರು ಮಾರಿ ಯಾಕ ಮುಚ್ಕೊಂತಾರ? ತಗಿ ಮೊದಲ ಅದನ್ನ.”

ತೆಗೆದೆ. ಸುತ್ತ ನಾಲ್ಕು ಜನ ಸೇರಿದ್ದರು. ಟವೆಲ್ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದೆ.

ಈಗ ೧೯೯೩. ಆಗಿನ ಮರಿಗೆ ಈಗ ಮೂರು ದಾಟಿರಬೇಕು. ಬದುಕಿದ್ದರೆ ಎಲ್ಲೋ ಬರಿಮುಖದ ಜನರ ನಡುವೆ ಇದೆ. ಅನ್ನ ಹಾಕುವ ಕೈಯನ್ನೂ ನಂಬದೆ, ಯಾವುದೋ ಗೋಡೆಯ ಸಂದಿಯಲ್ಲಿ ಗುರುಗುಟ್ಟುತ್ತ ಕೂತಿದೆ ಎಂದೇ ನನಗೆ ಕಾಣುತ್ತದೆ. ಬೇರೆ ಥರ ಊಹಿಸಿಕೊಳ್ಳಲು ಪ್ರಯತ್ನಿಸಿದ್ದೇನೆ, ಆಗುವುದಿಲ್ಲ. ಪ್ರತಿ ಜನವರಿಯಲ್ಲಿ ಕಾಯಿ ಬರತೊಡಗಿದಾಗ ಇಡೀ ಬ್ಯಾಡಗಿ ಮುಖಕ್ಕೆ ವಸ್ತ್ರ ಕಟ್ಟುತ್ತದೆ. ಅದರ ಬಳಗ ಇಷ್ಟು ದೊಡ್ಡದಾಗಿ ಲೋಕದಲ್ಲಿ ಬೇರೆಲ್ಲೂ ಸೇರುವುದಿಲ್ಲ. ನಡೆದು ಬರುವಷ್ಟು ದೂರದಲ್ಲಿದ್ದರೆ ಬಂದೇ ಬರುತ್ತದೆ ಎಂದು ಬಾಗಿಲಲ್ಲಿ ನಿಲ್ಲುತ್ತೇನೆ. ಮೂರು ಸುಗ್ಗಿ ಕಳೆದವು. ಕಳೆದ ವರ್ಷ ದೊಡ್ಡವ್ವ ಬರಲಿಲ್ಲ, ತೀರಿಕೊಂಡಿದ್ದಳು. ಬಾಯಿ ತೆರೆದು ಕರೆದಾಗ ಅದು ತೆವಳಿ ಬಂದದ್ದು ಅವಳೊಬ್ಬಳ ಹತ್ತಿರ.

ಕಂದು ಮೈ, ಬಾಲದ ತುದಿ ಬಿಳಿ, ಎಡ ಮುಂಗಾಲಿನ ಒಂದು ಉಗುರೂ ಬಿಳಿ. ಗಂಡು. ಆ ಮೇ ತಿಂಗಳಲ್ಲಿ ಬ್ಯಾಡಗಿಯಿಂದ ಲಾರಿ ಒಯ್ದ ಚಾಲಕರು, ಕ್ಲೀನರುಗಳು, ಅಂದಿನ ಮಧ್ಯಾಹ್ನದ ಗಾಡಿಯಲ್ಲಿದ್ದವರು ಇದನ್ನು ಓದಿದರೆ ನೆನಪು ಮಾಡಿಕೊಳ್ಳಲಿ. ಒಯ್ದವರೇ ಓದುತ್ತಿದ್ದರೆ ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ, ತಿರುಗಿ ಕೊಡಿ ಎಂದೂ ಕೇಳುವುದಿಲ್ಲ. ನಿಮ್ಮ ಓಣಿಯಲ್ಲಿ ಯಾರ ಹತ್ತಿರವೂ ಬರದ ಇಂಥ ನಾಯಿ ಇದ್ದರೆ, ಒಮ್ಮೆ ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡು ಎರಡು ಸಲ ಲೊಚ್‌ಗುಟ್ಟಿ ನೋಡಿ. ಬಂದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಇಂಥ ಮರಿಗೆ ಮನುಷ್ಯರ ಮುಖ ರೂಢಿ ಮಾಡಿಸುವುದು ಮುಂದೆಯೂ ಸಾಧ್ಯವೇ ಎಂದು ಬಲ್ಲವರಿದ್ದರೆ ಅವರೂ ಬರೆಯಲಿ. ಬಟ್ಟೆ ಬಿಚ್ಚಿದ ಮೇಲೆ ಅದು ನಿಮ್ಮ ಹತ್ತಿರ ನಿಂತಿತೇ ಇಲ್ಲವೇ, ಅದೊಂದನ್ನು ಮಾತ್ರ ಮರೆಯದೆ ತಿಳಿಸಿ.